ಸಾವಯವ ಹತ್ತಿ ಬಟ್ಟೆ: ಮೊದಲು ಚೀಟಿ ಓದಿ



ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಮುಂಬಯಿಗೆ ಬಂದಿರುವ ಕೇಳುಗರೊಬ್ಬರು ಕೇಳಿದ್ದಾರೆ: "ಕೂಸಿಗೆ ಝಬಲಾ ತರಾಕ ಹೋದ್ರ ಒಂದಕ್ಕ ನೂರೈವತ್ತು, ಪಕ್ಕದಾಗ ಆರ್ಗ್ಯಾನಿಕ್ ಅಂತ ಬರದಿದ್ದಕ್ಕ ಐನೂರು. ಮುಟ್ಟಿದ್ರ ಎರಡೂ ಒಂದ ಥರ. ಏನರೀ ಇದು?"

ಮುಟ್ಟಿದರೆ ಗೊತ್ತಾಗುವುದಿಲ್ಲ, ನಿಜ. ಒಂದೆರಡು ಎಳೆ ಸುಟ್ಟಾಗ ಕಾಗದದ ವಾಸನೆ ಬಂದರೆ ಹತ್ತಿ, ಕರಗಿ ಗುಂಡು ಕಟ್ಟಿದರೆ ಪಾಲಿಯೆಸ್ಟರ್. ಅಷ್ಟೇ. ಹೊಲಕ್ಕೆ ಕೀಟನಾಶಕ ಹೊಡೆದರೋ ಇಲ್ಲವೋ ಎಂಬುದನ್ನು ಬೆಂಕಿ ಹೇಳದು. 'ನೂರಕ್ಕೆ ನೂರು ಹತ್ತಿ' ಎಂದರೂ ಸಾವಯವವಲ್ಲ. ಖಾದಿ ಎಂದರೆ ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದದ್ದು. ಅದರ ಹತ್ತಿ ಸಾವಯವ ಆಗಿರಲೇಬೇಕೆಂದಿಲ್ಲ. ಅಂಗಡಿಯವರು ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ!

ಆದ್ದರಿಂದ ಚೀಟಿ ನೋಡಬೇಕು. 'ಗಾಟ್ಸ್' (ಜಿ.ಒ.ಟಿ.ಎಸ್.) ಗುರುತಿನ ಜೊತೆ 'ಆರ್ಗ್ಯಾನಿಕ್' ಎಂದಷ್ಟೇ ಇದ್ದರೆ ಶೇ. 95ರಷ್ಟಾದರೂ ಸಾವಯವ ನೂಲು ಇರಬೇಕು. 'ಮೇಡ್ ವಿತ್ ಆರ್ಗ್ಯಾನಿಕ್' ಎಂದಿದ್ದರೆ ಶೇ. 70 ಸಾಕು. ಬಣ್ಣ, ರಾಸಾಯನಿಕ, ಕಾರ್ಮಿಕರ ಸ್ಥಿತಿ ಇವಕ್ಕೂ ಅದರಲ್ಲಿ ನಿಯಮಗಳಿವೆ. 'ಒ.ಸಿ.ಎಸ್.' ಗುರುತು ನೂಲಿನ ಲೆಕ್ಕ ಮಾತ್ರ ಇಡುತ್ತದೆ, ಬಣ್ಣದ ಗೊಡವೆ ಅದಕ್ಕಿಲ್ಲ. ಗಾಟ್ಸ್ ಚೀಟಿಯಲ್ಲಿ ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಹೆಸರು, ಪರವಾನಗಿ ಸಂಖ್ಯೆ ಇರುತ್ತವೆ. ಗಾಟ್ಸ್ ಜಾಲತಾಣದಲ್ಲಿ ಆ ಸಂಖ್ಯೆ ಹುಡುಕಿದರೆ ತಯಾರಕರ ಹೆಸರು ಸಿಗಬೇಕು. ಬರಿಯ ಹಸಿರು ಎಲೆಯ ಚಿತ್ರಕ್ಕೆ ದುಡ್ಡು ಕೊಡಬೇಡಿ.

ಇಷ್ಟು ಅನುಮಾನ ಯಾಕೆ? 2020ರಲ್ಲಿ ನಮ್ಮ ದೇಶದಲ್ಲೇ ಸುಮಾರು 20,000 ಟನ್ ಹತ್ತಿಗೆ ಸುಳ್ಳು ಕಾಗದಪತ್ರ ಹುಟ್ಟಿಸಿದ್ದನ್ನು ಗಾಟ್ಸ್ ಸಂಸ್ಥೆಯೇ ಪತ್ತೆ ಮಾಡಿ 11 ಕಂಪನಿಗಳನ್ನು ಹೊರಗಿಟ್ಟಿತು. ನಷ್ಟ ಕೊಂಡವರಿಗಷ್ಟೇ ಅಲ್ಲ, ಔಷಧಿ ಹೊಡೆಯದೆ ಕಷ್ಟಪಟ್ಟು ಬೆಳೆದ ರೈತನಿಗೂ ಹೌದು. ಅವನ ಹತ್ತಿಯನ್ನು ಬೇರೆಯಾಗಿಯೇ ಕೂಡಿಡಬೇಕು, ಜಿನ್ನಿಂಗ್, ನೂಲು ಎಲ್ಲ ಬೇರೆಯಾಗಿಯೇ ಆಗಬೇಕು. ಬೆಲೆ ಏರುವುದು ಅಲ್ಲೇ.

ಇನ್ನು ಕೈಗೆಟಕುವ ದಾರಿ. ಚಿಂತೆ ಇರುವುದು ಕೂಸಿನ ಚರ್ಮದ್ದಾದರೆ, 'ಓಯೆಕೋ-ಟೆಕ್ಸ್ ಸ್ಟ್ಯಾಂಡರ್ಡ್ 100' ಗುರುತಿನ ಸಾಮಾನ್ಯ ಹತ್ತಿ ಬಟ್ಟೆಯೂ ನಡೆಯುತ್ತದೆ. ಅದು ಸಾವಯವದ ಗುರುತಲ್ಲ, ಸಿದ್ಧ ಬಟ್ಟೆಯಲ್ಲಿ ಹಾನಿಕರ ವಸ್ತು ಇದೆಯೇ ಎಂಬ ಪರೀಕ್ಷೆ. ಸಾವಯವವೇ ಬೇಕೆಂದರೆ ಸಿದ್ಧ ಉಡುಪಿನ ಬದಲು ಬಣ್ಣ ಹಾಕದ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ತಂದು ಓಣಿಯ ದರ್ಜಿಯ ಹತ್ತಿರ ಹೊಲಿಸಿ. ಎರಡು ಮೀಟರಿನಲ್ಲಿ ಕೂಸಿಗೆ ನಾಲ್ಕಾರು ಅಂಗಿ ಆಗುತ್ತವೆ. ಮೊದಲ ಒಗೆತಕ್ಕೆ ಹತ್ತಿ ಕುಗ್ಗುತ್ತದೆ, ಒಗೆದ ಮೇಲೇ ಹೊಲಿಸಿ.

ಚೆನ್ನೈ ಮಿತ್ರರು ಕೋ-ಆಪ್ಟೆಕ್ಸ್ ಮಳಿಗೆಯಲ್ಲಿ ಸಾವಯವ ಹತ್ತಿ ಸೀರೆ ಇದೆಯೇ ಎಂದು ವಿಚಾರಿಸಿ. ದೆಹಲಿಯವರು ಖಾದಿಗೆ ಗಾಂಧಿ ಜಯಂತಿಯ ರಿಯಾಯಿತಿ ತನಕ ಕಾಯಬಹುದು, ಆದರೆ ಅಲ್ಲಿಯೂ ಚೀಟಿಯ ಮಾತು ಮರೆಯಬೇಡಿ.

ಎಲ್ಲವನ್ನೂ ಒಮ್ಮೆಲೇ ಬದಲಿಸುವ ಅಗತ್ಯವಿಲ್ಲ. ಮೈಗೆ ತಾಗುವ ಬನಿಯನ್, ಟವೆಲ್, ದಿಂಬಿನ ಚೀಲ ಮೊದಲು. ಹುಬ್ಬಳ್ಳಿಯ ಅಮ್ಮನವರಿಗೆ ಇನ್ನೊಂದು ಮಾತು: ಊರಿನ ಮನೆಯಲ್ಲಿ ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಸೀರೆ ಇದ್ದರೆ ತರಿಸಿಕೊಳ್ಳಿ. ಕೂಸಿನ ದುಪ್ಪಟಿಗೆ ಅದಕ್ಕಿಂತ ಅಗ್ಗದ್ದು ಮುಂಬಯಿಯ ಯಾವ ಅಂಗಡಿಯಲ್ಲೂ ಸಿಗದು.