ಹಳೆಯ ವ್ಯಾನಿನ ಒಳಾಂಗಣ ನವೀಕರಣ

ಶಿಥಿಲಗೊಂಡ ವ್ಯಾನಿನ ನೆಲ, ಒಳಗೋಡೆ, ಚಾವಣಿ ಹಾಗೂ ಆಸನಗಳನ್ನು ದುರಸ್ತಿಗೊಳಿಸಿ, ಅಗತ್ಯಕ್ಕೆ ತಕ್ಕಂತೆ ಮರುರೂಪಿಸುವ ಕಾರ್ಯವನ್ನು ಒಳಾಂಗಣ ನವೀಕರಣ ಎನ್ನುತ್ತಾರೆ.

ಹಿನ್ನೆಲೆ

ಜರ್ಮನಿಯ ಫೋಕ್ಸ್‌ವ್ಯಾಗನ್ ಟೈಪ್ 2 ಇದಕ್ಕೆ ಪ್ರಸಿದ್ಧ ಉದಾಹರಣೆ. ಡಚ್ ವ್ಯಾಪಾರಿ ಬೆನ್ ಪೋನ್ 1947ರಲ್ಲಿ ಬರೆದ ರೇಖಾಚಿತ್ರದಿಂದ ಮೂಡಿದ ಈ ವಾಹನದ ತಯಾರಿಕೆ 1950ರಲ್ಲಿ ಆರಂಭವಾಯಿತು. ಎಂಜಿನ್ ಹಿಂಭಾಗದಲ್ಲಿದ್ದುದರಿಂದ ನಡುವೆ ವಿಶಾಲವಾದ ಸ್ಥಳ ದೊರೆಯಿತು. ವೆಸ್ಟ್‌ಫಾಲಿಯಾ ಸಂಸ್ಥೆಯು 1950ರ ದಶಕದಲ್ಲಿಯೇ ಅದರೊಳಗೆ ಹಾಸಿಗೆ, ಕಪಾಟುಗಳನ್ನು ಅಳವಡಿಸತೊಡಗಿತು. ಬ್ರೆಜಿಲ್‌ನಲ್ಲಿ ಇದರ ತಯಾರಿಕೆ 2013ರವರೆಗೂ ನಡೆಯಿತು.

ವಿಧಾನ

ಮೊದಲು ಆಸನ, ಹಲಗೆಗಳನ್ನು ಬಿಚ್ಚಿ, ಪ್ರತಿಯೊಂದಕ್ಕೂ ಗುರುತುಚೀಟಿ ಅಂಟಿಸಬೇಕು. ಒಳಗೆ ಮಲಗುವವರ ಉಸಿರಿನ ತೇವಾಂಶವು ತಣ್ಣನೆಯ ತಗಡಿನ ಮೇಲೆ ನೀರಾಗಿ, ಹಲಗೆಗಳ ಹಿಂದೆ ಇಳಿದು ತುಕ್ಕಿಗೆ ಕಾರಣವಾಗುತ್ತದೆ. ಅದನ್ನು ಹಾಗೆಯೇ ಮುಚ್ಚಿದರೆ ಅಂದವಾದ ಒಳಾಂಗಣದ ಹಿಂದೆ ವಾಹನದ ದೇಹವೇ ಸವೆಯುತ್ತದೆ. ಆದ್ದರಿಂದ ತುಕ್ಕನ್ನು ಉಜ್ಜಿ ತೆಗೆದು, ತೂತು ಬಿದ್ದಲ್ಲಿ ಹೊಸ ತಗಡನ್ನು ಬೆಸೆದು, ಪ್ರೈಮರ್ ಹಾಗೂ ಬಣ್ಣ ಬಳಿಯಬೇಕು. ಅನಂತರ ವಿದ್ಯುತ್ ತಂತಿ, ಶಾಖನಿರೋಧಕ ಪದರ, ಪ್ಲೈವುಡ್ ಹಲಗೆ, ಕೊನೆಗೆ ಪೀಠೋಪಕರಣ ಎಂಬ ಕ್ರಮವನ್ನು ಅನುಸರಿಸಲಾಗುತ್ತದೆ. ಹಳೆಯ ಬೋಲ್ಟ್ ರಂಧ್ರಗಳನ್ನೇ ಬಳಸಿ, ಬಿಚ್ಚಿದ ಮೂಲ ಭಾಗಗಳನ್ನು ಕಾದಿರಿಸಿದರೆ ವಾಹನವನ್ನು ಮುಂದೆ ಮೂಲರೂಪಕ್ಕೆ ತರಬಹುದು.

ಸುರಕ್ಷತೆ ಮತ್ತು ಕಾನೂನು

ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಹೀಗಾಗಿ ಒಲೆಯಿರುವ ವ್ಯಾನಿನ ತಳಭಾಗದಲ್ಲಿಯೂ ಗಾಳಿಕಿಂಡಿ ಅವಶ್ಯಕ. ಮುಚ್ಚಿದ ವ್ಯಾನಿನಲ್ಲಿ ಒಲೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಪಾಯ ತರಬಲ್ಲದು. ಭಾರತದಲ್ಲಿ ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ತರುವ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ.