ಚಪ್ಪರದೊಳಗೆ ಮೂವತ್ತೈದು, ಜಗಲಿಯ ಮೇಲೆ ಎಂಬತ್ತೈದು

ಅಭಿಜಿನ್ ಮುಹೂರ್ತವೆಂದರೆ ನಡುಹಗಲು. ಕುಂಬಳೆ ಸೀಮೆಯ ಬದಿಯಡ್ಕದಿಂದ ಒಳಕ್ಕೆ, ಅಡಕೆ ತೋಟದ ಇಳಿಜಾರಿನಲ್ಲಿ ಇಳಿದು ಹೋಗುವ ಮಣ್ಣುದಾರಿಯ ಕೊನೆಗೆ ಮದುವೆ ಮನೆ. ಅಂಗಳ ತುಂಬ ಚಪ್ಪರ. ಕಂಬಗಳು ಈಗಲೂ ಅಡಕೆ ಮರದವೇ. ಸೋಗೆಯ ಜಾಗದಲ್ಲಿ ಮಾತ್ರ ಹಳದಿ ಬಟ್ಟೆ ಬಂದಿದೆ. ಏಪ್ರಿಲ್ ಬಿಸಿಲು ಅದರ ಮೂಲಕ ಸೋಸಿ ಇಳಿದರೆ ಪುರೋಹಿತರ ಬಿಳಿ ಶಾಲು, ಮದುಮಗಳ ಕೆನ್ನೆ, ತಾಮ್ರದ ಚೆಂಬು ಎಲ್ಲಕ್ಕೂ ಅರಿಸಿನ ಬಳಿದಂತಾಗುತ್ತದೆ. ಚಪ್ಪರದ ಅಂಚು ದಾಟಿದರೆ ಕಣ್ಣು ಕುಕ್ಕುವ ಬೆಳಕು.

ಮಂಟಪದ ಸುತ್ತ ನೆಂಟರು ಒತ್ತಿ ಕೂತಿದ್ದಾರೆ. ಕುತ್ತಿಗೆಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡ ಹುಡುಗ ಅವರ ನಡುವೆ ಮಂಡಿಯೂರಿದ್ದಾನೆ. ಹಿಂದಿನ ಕುರ್ಚಿಯಿಂದ ಅಜ್ಜಿಯೊಬ್ಬರ ದನಿ: “ರಜ ಕರೆಂಗೆ ನಿಲ್ಲು ಮಾಣಿ, ಎಂಗೊಗೆ ಎಂತದೂ ಕಾಣ್ತಿಲ್ಲೆ.” ಹುಡುಗ “ಎರಡೇ ನಿಮಿಷ ಅಜ್ಜಿ” ಎನ್ನುತ್ತಾನೆ, ಕದಲುವುದಿಲ್ಲ. ಕದಲುವುದಾದರೂ ಎಲ್ಲಿಗೆ?

ಅವನ ಕ್ಯಾಮೆರಾಗಳಿಗೆ ಹಾಕಿರುವುದು ಪ್ರೈಮ್ ಲೆನ್ಸು, ಅದರಲ್ಲಿ ಜೂಮ್ ಇಲ್ಲ. ಹತ್ತಿರ ಬೇಕಾದರೆ ಹತ್ತಿರ ಹೋಗಬೇಕು, ದೂರ ಬೇಕಾದರೆ ಹಿಂದೆ ಸರಿಯಬೇಕು. ನಿಂತ ಆಳನ್ನು ತಲೆಯಿಂದ ಪಾದದವರೆಗೆ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ಮೇಲೆ ಕೆಳಗೆ ತುಸು ಜಾಗ ಬಿಟ್ಟು ಹಿಡಿಯಲು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂ.ಎಂ. ಲೆನ್ಸಿಗೆ 2 ಮೀಟರ್ ದೂರ ಸಾಕು. 50ಕ್ಕೆ 3 ಮೀಟರ್ ಹತ್ತಿರ ಬೇಕು. 85ಕ್ಕೆ ಸುಮಾರು 5. ಆ 5 ಮೀಟರಿನೊಳಗೆ ಸೋದರಮಾವ, ಇಬ್ಬರು ಅತ್ತೆಯರು, ವೀಡಿಯೊದವನ ಟ್ರೈಪಾಡು, ಬಾಳೆ ಕಟ್ಟಿದ ಕಂಬ ಎಲ್ಲ ಬಂದುಬಿಡುತ್ತವೆ. ಕುಂಬಳೆ ಸೀಮೆಯ ಮನೆ ಮದುವೆಗೆ ಯಾವ ಲೆನ್ಸು ಎನ್ನುವುದನ್ನು ಅಂಗಡಿಯವನಿಗಿಂತ ಮೊದಲು ಅಂಗಳವೇ ಹೇಳುತ್ತದೆ.

ಅಂತಃಪಟದ ಹೊತ್ತು ನೋಡಬೇಕು. ಇಬ್ಬರು ಬಟ್ಟೆ ಹಿಡಿದಿದ್ದಾರೆ, ಈಚೆ ಮದುಮಗ, ಆಚೆ ಮದುಮಗಳು, ಮಂಗಳಾಷ್ಟಕ ನಡೆದಿದೆ. ಪಟ ಸರಿಯುವ ಕ್ಷಣಕ್ಕೆ ಎರಡೂ ಮುಖ ಬೇಕು, ಅಕ್ಷತೆ ಎರಚಲು ಎತ್ತಿದ ಕೈಗಳೂ ಬೇಕು. ಬಟ್ಟೆಯ ಅಂಚಿನ ನೇರಕ್ಕೆ ಬದಿಯಲ್ಲಿ, ಎರಡು ಹೆಜ್ಜೆ ದೂರದಲ್ಲಿ ನಿಂತ 35ಕ್ಕೆ ಮಾತ್ರ ಇದು ಸಿಕ್ಕೀತು. ಅಲ್ಲಿ ನಿಲ್ಲುವವನ ಬೆನ್ನಿಗೂ ಅಕ್ಷತೆ ಬೀಳುತ್ತದೆ.

ಧಾರೆಯಾಗುವಾಗ ಹುಡುಗ ಅಲ್ಲಿಲ್ಲ. ಅವನು ಜಗಲಿ ಹತ್ತಿದ್ದಾನೆ. ಅಂಗಳಕ್ಕಿಂತ ಮೊಣಕಾಲೆತ್ತರದ ಜಗಲಿಯಿಂದ ಕುರ್ಚಿಯವರ ತಲೆಗಳ ಮೇಲೆ ಹಾದು ಮಂಟಪ ಕಾಣುತ್ತದೆ. 85ರ ಜಾಗ ಅದೇ. ಎಲ್ಲರ ಕಣ್ಣೂ ನೀರು ಬೀಳುವ ಕೈಗಳ ಮೇಲೆ. ಅವನ ಲೆನ್ಸು ಮದುಮಗಳ ಅಮ್ಮನ ಮುಖದ ಮೇಲೆ. ತುಟಿ ಒಳಗೆ ಎಳೆದುಕೊಂಡಿದ್ದಾರೆ, ಮೂಗಿನ ಹರಳು ಒಮ್ಮೆ ಮಿಂಚಿ ಆರುತ್ತದೆ. ಕ್ಯಾಮೆರಾ ಇರುವುದೇ ಅವರಿಗೆ ಗೊತ್ತಿಲ್ಲ. ಇಂಥ ಒಂದು ಚಿತ್ರಕ್ಕಾಗಿ ನಾನಾದರೆ ಆಲ್ಬಮ್ಮಿನ ಹತ್ತು ಪುಟ ಬಿಟ್ಟುಕೊಟ್ಟೇನು.

ಆದರೆ 85ಕ್ಕೆ ಮುನಿಸೂ ಇದೆ. 2 ಮೀಟರಿನಲ್ಲಿ ಎಫ್ 1.8ಕ್ಕೆ ತೆರೆದರೆ ಸ್ಪಷ್ಟವಾಗಿ ಬರುವುದು ಮುಂದೆ ಹಿಂದೆ ಸೇರಿ ಸುಮಾರು 6 ಸೆಂಟಿಮೀಟರ್ ಅಷ್ಟೆ. ಓರೆಯಿಂದ ತೆಗೆದರೆ ಮದುಮಗಳ ಕಣ್ಣು ಚೊಕ್ಕ, ಪಕ್ಕದ ಮದುಮಗ ಮಸುಕು. ಗಂಡಿನ ಕಡೆಯವರು ಅದನ್ನು ಕಲೆ ಎಂದು ಒಪ್ಪುವುದಿಲ್ಲ.

ಹೋಮದ ಹೊಗೆ ಏಳುತ್ತಿದ್ದಂತೆ ಪ್ರೈಮ್ ಲೆನ್ಸಿನ ಬೆಲೆ ತಿಳಿಯುತ್ತದೆ. ಫ್ಲ್ಯಾಶ್ ಹಾಕಿದರೆ ಬೆಳಗುವುದು ಹೊಗೆಯೇ. ಮುಖಗಳು ಬಿಳಿಯ ತೆರೆಯ ಹಿಂದೆ ಅಡಗುತ್ತವೆ. ಫ್ಲ್ಯಾಶ್ ಆರಿಸಬೇಕು, ಲೆನ್ಸಿನ ಬಾಯಿ ತೆರೆಯಬೇಕು. ಒಳ್ಳೆಯ ಜೂಮ್‌ಗಳೂ ಹೆಚ್ಚಾಗಿ ಎಫ್ 2.8ಕ್ಕೆ ನಿಲ್ಲುತ್ತವೆ. 1.8 ಅದರ ಸುಮಾರು ಎರಡೂವರೆ ಪಟ್ಟು ಬೆಳಕು ಕುಡಿಯುತ್ತದೆ.

ಇದೇ ಹುಡುಗ ಮರುದಿನ ಕಾಞಂಗಾಡಿನ ಆಡಿಟೋರಿಯಂನಲ್ಲಿದ್ದರೆ ಲೆಕ್ಕ ತಿರುವುಮುರುವು. ಎತ್ತರದ ವೇದಿಕೆ, ನಿಲವಿಳಕ್ಕಿನ ದೀಪ, ಭತ್ತ ತುಂಬಿದ ಪರೆಯಲ್ಲಿ ತೆಂಗಿನ ಹಿಂಗಾರ. ತಾಳಿ ಕಟ್ಟುವುದು ನಿಮಿಷಗಳಲ್ಲಿ ಮುಗಿಯುತ್ತದೆ. ಕೆಳಗೆ ಹಿಂದೆ ಸರಿಯಲು ಬೇಕಾದಷ್ಟು ಜಾಗವಿದೆ, ಅಲ್ಲಿ 85 ರಾಜ. ರಾತ್ರಿ ಮಾಪಿಳ್ಳೆಯರ ಮನೆಯಲ್ಲಿ ಒಪ್ಪನ ಕುಣಿತವಿದ್ದರೆ ಮತ್ತೆ 35; ನಡುವೆ ಮದುಮಗಳು, ಸುತ್ತ ಚಪ್ಪಾಳೆ ತಟ್ಟುವ ಹುಡುಗಿಯರು, ಗೋಡೆಗೆ ಒತ್ತಿ ನಿಂತ ಕ್ಯಾಮೆರಾ. ಹೆಂಗಸರ ಕೋಣೆಯಾದ್ದರಿಂದ ಅನೇಕ ಕಡೆ ಅದನ್ನು ಹಿಡಿಯುವವಳೂ ಹುಡುಗಿಯೇ. ಬೇಕಲ ಕೋಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1995ರ ‘ಬಾಂಬೆ’ ಸಿನಿಮಾದ ಹಾಡು ಬಂದಂದಿನಿಂದ ಆ ಮುರಕಲ್ಲಿನ ಗೋಡೆ, ಆ ಕಡಲು ಜೋಡಿಗಳನ್ನು ಫೋಟೋಕ್ಕೆ ಕರೆಯುತ್ತಲೇ ಇವೆ. ಅಲ್ಲಿ ಯಾವ ಲೆನ್ಸೂ ಸೋಲುವುದಿಲ್ಲ.

ಹೊಸಬರು ಎಡವುವುದು 50ರಲ್ಲಿ. ಅಗ್ಗ, ಹಗುರ, ಮೊದಲು ಕೊಳ್ಳುವುದೂ ಅದನ್ನೇ. ಆದರೆ 1.5 ಪಟ್ಟಿನ ಕ್ರಾಪ್ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿದರೆ ಅದು 75ರಷ್ಟೇ ಕಾಣುತ್ತದೆ; ಚಪ್ಪರದೊಳಗೆ ಬೆನ್ನು ಕಂಬಕ್ಕೆ ತಾಗುತ್ತದೆ. ಅಂಥ ಬಾಡಿ ಇರುವವರು 24 ಎಂ.ಎಂ. ನೋಡಬೇಕು, ಅಲ್ಲಿ ಅದೇ 36.

ಫುಲ್ ಫ್ರೇಮಿನ 50ಕ್ಕೂ ಒಂದು ಗಳಿಗೆ ಬರುತ್ತದೆ, ಊಟದ ಹಂತಿ ಎದ್ದ ಮೇಲೆ. ಕುಟುಂಬದ ಗ್ರೂಪ್ ಫೋಟೋಕ್ಕೆ 5 ಮೀಟರ್ ಅಗಲಕ್ಕೆ ಜನ ನಿಂತಿದ್ದಾರೆ. 85 ಹಿಡಿದರೆ 12 ಮೀಟರ್ ಹಿಂದೆ ಹೋಗಬೇಕು, ಅಂದರೆ ತೋಟದ ಕಣಿಗೆ ಬೀಳಬೇಕು. 35ಕ್ಕೆ 5 ಮೀಟರ್ ಸಾಕು, ಆದರೆ ಅಂಚಿನವರು ಅಗಲಕ್ಕೆ ಹಿಗ್ಗುತ್ತಾರೆ; ಆ ಅಂಚಿನಲ್ಲಿ ಯಾವಾಗಲೂ ಚಿಕ್ಕಮ್ಮನೇ ಇರುತ್ತಾರೆ. 50ಕ್ಕೆ 7 ಮೀಟರ್, ಸರಿಯಾಗಿ ಅಂಗಳದ ಕೊನೆ. ಅದೂ ಕೈಲಿಲ್ಲದ ದಿನ ಹುಡುಗ 35ನ್ನೇ ಎತ್ತಿ, “ಚಿಕ್ಕಮ್ಮ, ನೀವು ನಡುವಿಗೆ ಬನ್ನಿ” ಎಂದು ಮರ್ಯಾದೆಯಿಂದ ಕರೆದು, ಅಂಚಿಗೆ ಸಣಕಲು ಭಾವಂದಿರನ್ನು ನಿಲ್ಲಿಸುತ್ತಾನೆ.