ಹೂಳು ತುಂಬಿದರೂ ದುಡಿಯುವ ಒಡ್ಡು

ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಯಲ್ಲಿ ಸಿಕ್ಕ 1043ರ ಶಾಸನ, ಚೋಳರ ಕಾಲದಲ್ಲಿ ರಾಜರಾಜ ವೇಳನ್ ಎಂಬಾತ ಪಟ್ಟಂದೂರಿನ ಕೆರೆ ಕಟ್ಟಿಸಿ ತೂಬು ಇಡಿಸಿದ್ದನ್ನು ಹೇಳುತ್ತದೆ. ದೊಡ್ಡ ಕೆರೆಗಾದರೆ ಶಾಸನವುಂಟು. ಕೆರೆಯ ಮೇಲಿನ ಹೊಲಗಳಲ್ಲಿ ರೈತರು ಕೊರಕಲಿಗೆ ಅಡ್ಡ ಹಾಕಿಕೊಂಡ ಆಳೆತ್ತರದ ಮಣ್ಣಿನ ಒಡ್ಡಿಗೆ ಹೆಸರೂ ಇಲ್ಲ. ಸರ್ಜಾಪುರ, ಆನೇಕಲ್ ಕಡೆ ಹೊಲ ಲೇಔಟ್ ಆಗುವಾಗ ಜೆಸಿಬಿ ಇಂಥದ್ದನ್ನು ಸಮ ಮಾಡಿಬಿಡುತ್ತದೆ. ‘ಹೂಳು ತುಂಬಿದೆ, ನೀರೇ ನಿಲ್ಲಲ್ಲ’ ಎನ್ನುವುದು ಕಾರಣ. ಹೂಳು ಹಿಡಿಯಲಿ ಎಂದೇ ಅದನ್ನು ಕಟ್ಟಿದ್ದು ಎಂಬುದು ಮರೆತುಹೋಗಿದೆ.

ಕೊರಕಲು ಬೆಳೆಯುವುದು ಏರಿನ ಕಡೆಗೆ. ಅದರ ತುದಿಯಲ್ಲಿ ನೀರು ಧುಮುಕಿ ಬುಡದ ಕೆಮ್ಮಣ್ಣು ಕೊರೆಯುತ್ತದೆ, ಮೇಲಿನ ಅಂಚು ಕುಸಿಯುತ್ತದೆ, ತುದಿ ಇನ್ನಷ್ಟು ಹಿಂದಕ್ಕೆ ಸರಿದು ಹೊಲ ತಿನ್ನುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟು ಹೆಚ್ಚುತ್ತದೆ. ಸುತ್ತಲ ನೆಲಕ್ಕೆ ಕಾಂಕ್ರೀಟು, ಟಾರು ಬಿದ್ದ ಮೇಲಂತೂ ಇಂಗಬೇಕಾದ ಮಳೆಯೆಲ್ಲ ಒಮ್ಮೆಲೇ ನುಗ್ಗುತ್ತದೆ.

ಒಡ್ಡು ಹಾಕಿದರೆ ನೀರು ತಡೆದು ನಿಂತು ಹೊತ್ತ ಮಣ್ಣನ್ನು ಕೆಳಗಿಳಿಸುತ್ತದೆ. ಕೆಲವು ಮಳೆಗಾಲಗಳಲ್ಲಿ ಕೊರಕಲಿನ ತಳ ಮೇಲೆದ್ದು ಇಳಿಜಾರು ತಗ್ಗುತ್ತದೆ. ಕಡಿದಾದ ಹಾದಿಗೆ ಮೆಟ್ಟಿಲು ಹಾಕಿದಂತೆ. ಇನ್ನು ಎತ್ತರದಿಂದ ಇಳಿಯುವ ರಭಸವೆಲ್ಲ ಒಂದೇ ಕಡೆ, ಕೋಡಿಯಲ್ಲಿ ಬೀಳುತ್ತದೆ. ಅಲ್ಲಿ ಕಲ್ಲು ಹಾಸಿದರೆ ಸಾಕು. ಒಡ್ಡು ಒಡೆದುಹಾಕಿದರೆ ವರ್ಷಗಟ್ಟಲೆ ಕೂಡಿದ ಹೂಳು ಕೊಚ್ಚಿಕೊಂಡು ಕೆಳಗಿನ ಕೆರೆ ಸೇರುತ್ತದೆ. ಕೆರೆಯ ಹೂಳೆತ್ತಲು ಆಮೇಲೆ ಸುರಿಯುವ ದುಡ್ಡಿನ ಮುಂದೆ ಒಡ್ಡಿನ ಖರ್ಚು ಏನೇನೂ ಅಲ್ಲ.

ಕಟ್ಟುವುದು ಮಾತ್ರ ಮಣ್ಣು ಸುರಿದಷ್ಟು ಸುಲಭವಲ್ಲ. ಮೊದಲು ಗಟ್ಟಿ ನೆಲ ಸಿಗುವವರೆಗೆ ಅಡ್ಡಗುಂಡಿ ತೋಡಿ ಜೇಡಿಮಣ್ಣು ತುಂಬಬೇಕು. ಇಲ್ಲದಿದ್ದರೆ ನೀರು ಬುಡದಲ್ಲೇ ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಗೇಣುದ್ದಕ್ಕಿಂತ ದಪ್ಪವಾಗದಂತೆ ಮಣ್ಣು ಹರಡಿ, ಹದವಾಗಿ ನೆನೆಸಿ, ದಮ್ಮಸು ಹಾಕಬೇಕು. ಹದ ತಿಳಿಯಲು ಹಿಡಿ ಮಣ್ಣನ್ನು ಉಂಡೆ ಕಟ್ಟಿ ನೋಡುತ್ತಾರೆ: ಉಂಡೆ ನಿಲ್ಲಬೇಕು, ಅಂಗೈಗೆ ನೀರು ಜಿನುಗಬಾರದು. ನೀರಿನ ಕಡೆಯ ಮಗ್ಗುಲು ಒಂದಕ್ಕೆ ಮೂರರಷ್ಟು ಓರೆಯಾಗಿರಲಿ, ಹೊರಮಗ್ಗುಲಿಗೆ ಗರಿಕೆಯೋ ಲಾವಂಚವೋ ಇರಲಿ. ಮರ ಬೇಡ, ಬೇರು ಸತ್ತು ಕೊಳೆತ ಜಾಗವೇ ಕೊಳವೆಯಾಗುತ್ತದೆ.

ಇದೆಲ್ಲ ಸ್ವಂತ ಜಮೀನಿನ ಕೊರಕಲಿಗೆ ಮಾತ್ರ. ರಾಜಕಾಲುವೆಗೆ ಯಾರೂ ಅಡ್ಡ ಹಾಕುವಂತಿಲ್ಲ.

ಮಣ್ಣಿನ ಒಡ್ಡಿನ ಮೇಲೆ ನೀರು ಹತ್ತಿ ಹರಿದರೆ ಕೆಲವೇ ಗಂಟೆಗಳಲ್ಲಿ ಅದು ಸೀಳಿಹೋಗಬಹುದು. ಹಾಗಾಗಿ ಮುಂಗಾರಿಗೆ ಮುಂಚೆ ಕೋಡಿಯ ಪೊದೆ, ಕಸ ತೆಗೆಯಬೇಕು, ಹೆಗ್ಗಣದ ಬಿಲ ಮುಚ್ಚಬೇಕು. ಮಳೆ ನಿಂತ ಮೇಲೆ ಒಡ್ಡಿನ ಹಿಂಬದಿಯ ಬುಡಕ್ಕೆ ಹೋಗಿ ನೋಡಿ. ತಿಳಿನೀರು ಜಿನುಗುತ್ತಿದ್ದರೆ ಕಣ್ಣಿಟ್ಟಿದ್ದರೆ ಸಾಕು. ಕೆಂಪು ನೀರು ಬರುತ್ತಿದ್ದರೆ ಒಳಗಿನ ಮಣ್ಣೇ ಹೊರಟಿದೆ, ಅವತ್ತೇ ನೀರು ಇಳಿಸಬೇಕು.